ಕ್ರೀಪ್: ರೇಡಿಯೊಹೆಡ್ ತಂಡದ ಮೊದಲ ಸಿಂಗಲ್

‘ಕ್ರೀಪ್’ ಇಂಗ್ಲೆಂಡಿನ ಆಲ್ಟರ್ನೇಟಿವ್ ರಾಕ್ ತಂಡ ರೇಡಿಯೊಹೆಡ್‌ನ ಮೊದಲ ಸಿಂಗಲ್. ಪಾರ್ಲೋಫೋನ್ ಸಂಸ್ಥೆ ಇದನ್ನು 1992ರ ಸೆಪ್ಟೆಂಬರ್ 21ರಂದು ಬ್ರಿಟನ್ನಿನಲ್ಲಿ ಹೊರತಂದಿತು. ಆಗ ಸುಮಾರು 6,000 ಪ್ರತಿಗಳು ಮಾತ್ರ ಮಾರಾಟವಾದವು. ಬ್ರಿಟಿಷ್ ಸಿಂಗಲ್ ಪಟ್ಟಿಯಲ್ಲಿ 78ನೇ ಸ್ಥಾನದಿಂದ ಮೇಲೆ ಏರಲಾಗದೆ ಹಾಡು ಮರೆಗೆ ಸರಿಯಿತು. ಮುಂದಿನ ಒಂದು ವರ್ಷದಲ್ಲಿ ಇಸ್ರೇಲ್‌ನ ಒಂದು ರೇಡಿಯೊ ಕೇಂದ್ರ, ಆಮೇಲೆ ಅಮೆರಿಕದ ಪಶ್ಚಿಮ ಕರಾವಳಿಯ ಕೇಂದ್ರಗಳು ಅದೇ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿಸಿ ಜನಪ್ರಿಯಗೊಳಿಸಿದವು. 1993ರ ಸೆಪ್ಟೆಂಬರ್‌ನಲ್ಲಿ ಮರುಬಿಡುಗಡೆಯಾದಾಗ ಅದು ಬ್ರಿಟನ್ನಿನಲ್ಲಿ 7ನೇ ಸ್ಥಾನಕ್ಕೇರಿತು. ‘ಪ್ಯಾಬ್ಲೊ ಹನಿ’ (1993) ಆಲ್ಬಮ್‌ನಲ್ಲೂ ಸೇರಿರುವ ಈ ಗೀತೆ ಇಂದಿಗೂ ತಂಡದ ಅತಿ ಹೆಚ್ಚು ಪರಿಚಿತ ಹಾಡು. ಒಂದು ಹಾಡು ಹೊರಬರುವ ದಿನಕ್ಕೂ ಅದು ಕೇಳುಗರನ್ನು ಮುಟ್ಟುವ ದಿನಕ್ಕೂ ನಡುವೆ ಎಷ್ಟು ದೂರವಿರಬಹುದು, ಆ ದೂರವನ್ನು ಯಾರು ಕ್ರಮಿಸುತ್ತಾರೆ ಎಂಬುದನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಹಿನ್ನೆಲೆ: ಸಿಂಗಲ್ ಮತ್ತು ಆಲ್ಟರ್ನೇಟಿವ್ ರಾಕ್

ಆಲ್ಬಮ್‌ನಿಂದ ಪ್ರತ್ಯೇಕವಾಗಿ ಮಾರಾಟಕ್ಕೆ ಬರುವ ಹಾಡಿಗೆ ಸಿಂಗಲ್ ಎಂದು ಹೆಸರು. ಅಮೆರಿಕದ ಆರ್‌ಸಿಎ ವಿಕ್ಟರ್ ಸಂಸ್ಥೆ 1949ರಲ್ಲಿ ತಂದ, ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಇಂಚಿನ ತಟ್ಟೆ ಸಿಂಗಲ್‌ಗೆ ಅದರ ರೂಢಿಯ ಆಕಾರವನ್ನು ಕೊಟ್ಟಿತು. ಒಂದು ಮಗ್ಗುಲಲ್ಲಿ ಮುಖ್ಯ ಹಾಡು, ಇನ್ನೊಂದು ಮಗ್ಗುಲಲ್ಲಿ ಜೊತೆಯ ಹಾಡು. 1990ರ ದಶಕದ ಆರಂಭಕ್ಕೆ ಸಿಡಿ ಮತ್ತು ಕ್ಯಾಸೆಟ್‌ಗಳೂ ಇದೇ ಕೆಲಸ ಮಾಡುತ್ತಿದ್ದವು. ಕಡಿಮೆ ಬೆಲೆಗೆ ಸಿಗುತ್ತಿದ್ದ ಸಿಂಗಲ್ ಹೊಸ ತಂಡವೊಂದರ ಮೊದಲ ಪರಿಚಯವಾಗಿತ್ತು. ರೇಡಿಯೊದವರು ಅದನ್ನು ಕೇಳಿಸುತ್ತಿದ್ದರು, ಅಂಗಡಿಗಳು ಎದುರಿಗಿಡುತ್ತಿದ್ದವು, ವಾರದ ಪಟ್ಟಿ ಅದರ ಯಶಸ್ಸನ್ನು ಅಳೆಯುತ್ತಿತ್ತು. ಬ್ರಿಟನ್ನಿನಲ್ಲಿ ಆ ಪಟ್ಟಿ ಆಗ ಅಂಗಡಿ ಮಾರಾಟವೊಂದನ್ನೇ ಲೆಕ್ಕಕ್ಕೆ ಹಿಡಿಯುತ್ತಿತ್ತು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಮಾರಾಟದ ಜೊತೆಗೆ ರೇಡಿಯೊ ಪ್ರಸಾರವನ್ನೂ ಕೂಡಿಸುತ್ತಿತ್ತು.

ಆಲ್ಟರ್ನೇಟಿವ್ ರಾಕ್ ಈ ವ್ಯವಸ್ಥೆಯ ಅಂಚಿನಲ್ಲಿ ಬೆಳೆದ ಸಂಗೀತ. 1980ರ ದಶಕದಲ್ಲಿ ಅಮೆರಿಕದಲ್ಲಿ ಆರ್‌ಇಎಂ, ಹಸ್ಕರ್ ಡೂ, ಪಿಕ್ಸೀಸ್, ಸಾನಿಕ್ ಯೂತ್ ಮುಂತಾದ ತಂಡಗಳಿಗೆ ಕಾಲೇಜು ವಿದ್ಯಾರ್ಥಿಗಳು ನಡೆಸುವ ರೇಡಿಯೊ ಕೇಂದ್ರಗಳೂ ಸಣ್ಣ ಕ್ಲಬ್ಬುಗಳೂ ಆಸರೆಯಾಗಿದ್ದವು. ಬ್ರಿಟನ್ನಿನಲ್ಲಿ ರಫ್ ಟ್ರೇಡ್, ಫ್ಯಾಕ್ಟರಿ, ಕ್ರಿಯೇಷನ್‌ನಂಥ ಸ್ವತಂತ್ರ ಸಂಸ್ಥೆಗಳು ಆ ಕೆಲಸ ಮಾಡಿದವು. 1988ರ ಸೆಪ್ಟೆಂಬರ್‌ನಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಈ ಬಗೆಯ ಸಂಗೀತಕ್ಕೆಂದೇ ‘ಮಾಡರ್ನ್ ರಾಕ್ ಟ್ರ್ಯಾಕ್ಸ್’ ಎಂಬ ಪ್ರತ್ಯೇಕ ಪ್ರಸಾರ ಪಟ್ಟಿಯನ್ನು ಆರಂಭಿಸಿತು. 1991ರಲ್ಲಿ ಆರ್‌ಇಎಂನ ‘ಲೂಸಿಂಗ್ ಮೈ ರಿಲಿಜನ್’ ಅಮೆರಿಕದ ಮುಖ್ಯ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ನಿರ್ವಾಣ ತಂಡದ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ 6ನೇ ಸ್ಥಾನ ಮುಟ್ಟಿತು. ದೊಡ್ಡ ಸಂಸ್ಥೆಗಳು ಇಂಥ ತಂಡಗಳನ್ನು ಹುಡುಕಿಕೊಂಡು ಹೊರಟ ಕಾಲ ಅದು. ‘ಕ್ರೀಪ್’ ಹುಟ್ಟಿದ್ದು ಆ ಹೊತ್ತಿನಲ್ಲಿ.

ತಂಡ

ರೇಡಿಯೊಹೆಡ್‌ನ ಐವರೂ ಆಕ್ಸ್‌ಫರ್ಡ್ ಸಮೀಪದ ಅಬಿಂಗ್ಡನ್ ಶಾಲೆಯ ವಿದ್ಯಾರ್ಥಿಗಳು. ಟಾಮ್ ಯಾರ್ಕ್ ಗಾಯಕ ಮತ್ತು ಗಿಟಾರ್ ವಾದಕ, ಎಡ್ ಓಬ್ರಿಯನ್ ಗಿಟಾರ್ ವಾದಕ, ಕಾಲಿನ್ ಗ್ರೀನ್‌ವುಡ್ ಬೇಸ್ ವಾದಕ, ಫಿಲಿಪ್ ಸೆಲ್ವೇ ಡ್ರಮ್ಸ್ ವಾದಕ. ಕಾಲಿನ್‌ನ ತಮ್ಮ ಜಾನಿ ಗ್ರೀನ್‌ವುಡ್ ಎಲ್ಲರಿಗಿಂತ ಕಿರಿಯ. ಗಿಟಾರ್ ಮತ್ತು ಕೀಬೋರ್ಡ್ ಅವನ ಪಾಲಿನವು. 1985ರಲ್ಲಿ ಕೂಡಿಕೊಂಡ ಈ ಗೆಳೆಯರು ಶುಕ್ರವಾರಗಳಂದು ಶಾಲೆಯ ಸಂಗೀತ ಕೊಠಡಿಯಲ್ಲಿ ಅಭ್ಯಾಸ ಮಾಡುತ್ತಿದ್ದುದರಿಂದ ತಂಡಕ್ಕೆ ‘ಆನ್ ಎ ಫ್ರೈಡೇ’ ಎಂದು ಹೆಸರಿಟ್ಟುಕೊಂಡಿದ್ದರು. ಹೆಚ್ಚಿನವರು ಪದವಿ ಓದಲು ಬೇರೆ ಬೇರೆ ಊರುಗಳಿಗೆ ಹೋದರೂ ರಜೆಗಳಲ್ಲಿ ಸೇರಿ ನುಡಿಸುವುದನ್ನು ಬಿಡಲಿಲ್ಲ.

ಕಾಲಿನ್ ಆಗ ಒಂದು ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಪರಿಚಯವಾದ ಇಎಂಐ ಸಂಸ್ಥೆಯ ಕೀತ್ ವೋಜೆನ್‌ಕ್ರಾಫ್ಟ್ ಮೂಲಕ 1991ರ ಕೊನೆಯಲ್ಲಿ ತಂಡಕ್ಕೆ ಆರು ಆಲ್ಬಮ್‌ಗಳ ಒಪ್ಪಂದ ಸಿಕ್ಕಿತು. ಪಾರ್ಲೋಫೋನ್ ಆಗ ಇಎಂಐನ ಒಂದು ಅಂಗವಾಗಿತ್ತು. ಹೆಸರು ಬದಲಿಸಿಕೊಳ್ಳಿ ಎಂದು ಸಂಸ್ಥೆ ಹೇಳಿದಾಗ ಟಾಕಿಂಗ್ ಹೆಡ್ಸ್ ತಂಡದ 1986ರ ‘ಟ್ರೂ ಸ್ಟೋರೀಸ್’ ಆಲ್ಬಮ್‌ನ ಒಂದು ಹಾಡಿನಿಂದ ‘ರೇಡಿಯೊಹೆಡ್’ ಎಂಬ ಹೆಸರನ್ನು ಆರಿಸಿಕೊಂಡರು. ಆ ಹೆಸರಿನಲ್ಲಿ 1992ರ ಮೇ ತಿಂಗಳಲ್ಲಿ ಹೊರಬಂದ ‘ಡ್ರಿಲ್’ ಎಂಬ ನಾಲ್ಕು ಹಾಡುಗಳ ಇಪಿ ಬ್ರಿಟನ್ನಿನ ಪಟ್ಟಿಯ ಮೊದಲ ನೂರರೊಳಗೆ ಬರಲಿಲ್ಲ.

ಧ್ವನಿಮುದ್ರಣ

ಟಾಮ್ ಯಾರ್ಕ್ ‘ಕ್ರೀಪ್’ ಬರೆದದ್ದು 1980ರ ದಶಕದ ಕೊನೆಯಲ್ಲಿ, ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ. ಕೆಲವು ವರ್ಷ ಅದು ತಂಡದ ಬತ್ತಳಿಕೆಯಲ್ಲಿ ಸುಮ್ಮನೆ ಉಳಿದಿತ್ತು.

‘ಡ್ರಿಲ್’ ಸೋತ ಬಳಿಕ ಇಎಂಐ ಹೊಸ ನಿರ್ಮಾಪಕರನ್ನು ಹುಡುಕಿತು. ಅಮೆರಿಕದ ಬಾಸ್ಟನ್‌ನ ಪಾಲ್ ಕೋಲ್ಡರಿ ಮತ್ತು ಶಾನ್ ಸ್ಲೇಡ್ ಜೋಡಿಗೆ ಪಿಕ್ಸೀಸ್, ಡೈನೋಸಾರ್ ಜೂನಿಯರ್ ತಂಡಗಳ ಜೊತೆ ಕೆಲಸ ಮಾಡಿದ ಅನುಭವವಿತ್ತು. ಧ್ವನಿಮುದ್ರಣ ಆಕ್ಸ್‌ಫರ್ಡ್‌ಶೈರ್‌ನ ಚಿಪ್ಪಿಂಗ್ ನಾರ್ಟನ್ ಸ್ಟುಡಿಯೊದಲ್ಲಿ ಗೊತ್ತಾಯಿತು. ಗೆರಿ ರ‍್ಯಾಫರ್ಟಿಯ ‘ಬೇಕರ್ ಸ್ಟ್ರೀಟ್’ ಕೂಡ ಇದೇ ಸ್ಟುಡಿಯೊದಲ್ಲಿ ಮುದ್ರಣಗೊಂಡ ಹಾಡು. ಮೊದಲ ಸಿಂಗಲ್‌ಗಾಗಿ ಸಂಸ್ಥೆ ಆರಿಸಿ ಕಳಿಸಿದ್ದ ಹಾಡುಗಳು ‘ಇನ್‌ಸೈಡ್ ಮೈ ಹೆಡ್’ ಮತ್ತು ‘ಲರ್ಗೀ’. ‘ಕ್ರೀಪ್’ ಆ ಯೋಜನೆಯಲ್ಲೇ ಇರಲಿಲ್ಲ.

ಅಭ್ಯಾಸದ ನಡುವೆ ತಂಡ ತಾನಾಗಿ ‘ಕ್ರೀಪ್’ ನುಡಿಸಿತು. ಇದು ನಮ್ಮ ಸ್ಕಾಟ್ ವಾಕರ್ ಹಾಡು ಎಂಬರ್ಥದ ಮಾತನ್ನು ಯಾರ್ಕ್ ಗೊಣಗಿದ. ಗಂಭೀರ ಕಂಠದ ಗಾಯಕ ಸ್ಕಾಟ್ ವಾಕರ್‌ನ ಛಾಯೆ ಹಾಡಿನಲ್ಲಿದೆ ಎಂಬುದು ಅವನ ಭಾವ. ಇದು ವಾಕರ್‌ನದೇ ಹಾಡಿರಬೇಕೆಂದು ತಿಳಿದ ನಿರ್ಮಾಪಕರು, ಇವರ ಅತ್ಯುತ್ತಮ ಹಾಡು ಇನ್ನೊಬ್ಬರದಾಯಿತಲ್ಲ ಎಂದು ತಮ್ಮೊಳಗೆ ಬೇಸರಪಟ್ಟರು. ಮುಂದಿನ ದಿನಗಳಲ್ಲಿ ಯೋಜಿತ ಹಾಡುಗಳ ಮುದ್ರಣ ಮನಸ್ಸಿಗೆ ಬಂದಂತೆ ಸಾಗಲಿಲ್ಲ. ವಾತಾವರಣ ತಿಳಿಯಾಗಲೆಂದು ಕೋಲ್ಡರಿ ‘ಕ್ರೀಪ್’ ನುಡಿಸುವಂತೆ ಕೇಳಿದ. ಒಂದೇ ಸಲಕ್ಕೆ ಮುದ್ರಣ ಮುಗಿಯಿತು. ಸ್ಟುಡಿಯೊದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹಾಡು ತಮ್ಮದೇ ಎಂದು ಯಾರ್ಕ್ ಖಚಿತಪಡಿಸಿದ ಮೇಲೆ ಕೋಲ್ಡರಿ ವೋಜೆನ್‌ಕ್ರಾಫ್ಟ್‌ಗೆ ಫೋನ್ ಮಾಡಿ, ಇದನ್ನೇ ಸಿಂಗಲ್ ಆಗಿ ಪರಿಗಣಿಸಬೇಕೆಂದು ಒತ್ತಾಯಿಸಿದ. ಬೇಕೆಂದು ಆರಿಸಿದ್ದ ಹಾಡುಗಳು ಜೊತೆಹಾಡುಗಳಾದವು, ಲೆಕ್ಕದಲ್ಲೇ ಇಲ್ಲದ ಹಾಡು ಮುಂದಕ್ಕೆ ಬಂತು.

ಹೆಚ್ಚುವರಿ ಪದರಗಳನ್ನು ಈ ಮುದ್ರಣಕ್ಕೆ ಅಷ್ಟಾಗಿ ಸೇರಿಸಲಿಲ್ಲ. ಜಾನಿ ನುಡಿಸಿದ ಪಿಯಾನೊವನ್ನು ಮಿಶ್ರಣದ ವೇಳೆ ಹಾಡಿನುದ್ದಕ್ಕೂ ಬೆರೆಸಲು ಕೋಲ್ಡರಿ ಮರೆತು, ಕೊನೆಯ ಭಾಗಕ್ಕೆ ಮಾತ್ರ ಸೇರಿಸಿದ. ಕೇಳಿದ ತಂಡಕ್ಕೆ ಅದೇ ಹಿಡಿಸಿತು. ಗಿಟಾರ್‌ಗಳ ಅಬ್ಬರ ಇಳಿದ ಮೇಲೆ ಪಿಯಾನೊ ಕಿವಿಗೆ ಬೀಳುವ ಆ ಮುಕ್ತಾಯ ಹಾಗೆಯೇ ಉಳಿಯಿತು.

ಸಂಗೀತದ ಸ್ವರೂಪ

ಸುಮಾರು ನಾಲ್ಕು ನಿಮಿಷದ ಈ ಹಾಡು ನಿಂತಿರುವುದು ನಾಲ್ಕೇ ಕಾರ್ಡುಗಳ ಮೇಲೆ. ಹಲವು ಸ್ವರಗಳನ್ನು ಏಕಕಾಲಕ್ಕೆ ಹೊಮ್ಮಿಸುವ ಗುಚ್ಛಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಕಾರ್ಡ್ ಎಂದು ಹೆಸರು. ಜಿ ಮೇಜರ್, ಬಿ ಮೇಜರ್, ಸಿ ಮೇಜರ್, ಸಿ ಮೈನರ್ ಎಂಬ ಕ್ರಮದಲ್ಲಿ ಅವು ಬರುತ್ತವೆ. ಒಂದೊಂದೂ ಎಂಟು ಎಣಿಕೆಯಷ್ಟು ನಿಂತು, ಸಾಲು ಮುಗಿದೊಡನೆ ಮತ್ತೆ ಮೊದಲಿಗೆ ಮರಳುತ್ತದೆ. ಚರಣಕ್ಕೂ ಪಲ್ಲವಿಗೂ ಮಧ್ಯದ ಏರುದನಿಗೂ ಇದೇ ಆವರ್ತ. ಸಾಮಾನ್ಯ ರಾಕ್ ಹಾಡುಗಳಲ್ಲಿ ಪಲ್ಲವಿ ಬಂದಾಗ ಕಾರ್ಡುಗಳು ಬದಲಾಗಿ ಹೊಸ ಬಯಲು ತೆರೆದಂತಾಗುತ್ತದೆ. ಇಲ್ಲಿ ತಳಹದಿ ಕದಲುವುದಿಲ್ಲ, ಅದರ ಮೇಲಿನ ತೀವ್ರತೆ ಮಾತ್ರ ಏರಿಳಿಯುತ್ತದೆ.

ಕರ್ನಾಟಕ ಸಂಗೀತ ಬಲ್ಲ ಕೇಳುಗರು ಈ ಆವರ್ತದ ಒಳಗುಟ್ಟನ್ನು ಸುಲಭವಾಗಿ ಹಿಡಿಯಬಹುದು. ಜಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಮೊದಲ ಕಾರ್ಡ್ ಷಡ್ಜದ ಮೇಲೆ, ಎರಡನೆಯದು ಅಂತರ ಗಾಂಧಾರದ ಮೇಲೆ, ಮೂರನೆಯದೂ ನಾಲ್ಕನೆಯದೂ ಶುದ್ಧ ಮಧ್ಯಮದ ಮೇಲೆ ಕಟ್ಟಿದವು. ಈ ನಾಲ್ಕರ ಒಳಗಿಂದ ಒಂದು ಸಣ್ಣ ಎಳೆ ಹರಿಯುತ್ತದೆ. ಮೊದಲ ಕಾರ್ಡಿನಲ್ಲಿ ಪಂಚಮ, ಎರಡನೆಯದರಲ್ಲಿ ಶುದ್ಧ ಧೈವತ, ಮೂರನೆಯದರಲ್ಲಿ ಚತುಶ್ರುತಿ ಧೈವತ, ನಾಲ್ಕನೆಯದರಲ್ಲಿ ಮತ್ತೆ ಶುದ್ಧ ಧೈವತ, ಆವರ್ತ ತಿರುಗಿದಾಗ ಮತ್ತೆ ಪಂಚಮ. ಅರ್ಧರ್ಧ ಸ್ವರ ಏರಿ, ಮೇಲೆ ನಿಲ್ಲಲಾಗದೆ ಅದೇ ಮೆಟ್ಟಿಲುಗಳಲ್ಲಿ ಇಳಿದುಬರುವ ಎಳೆ ಇದು. ಹತ್ತಿರ ಹೋಗಿ ಹಿಂಜರಿಯುವ ನಿರೂಪಕನ ಮನಸ್ಸನ್ನು ಮಾತಿಗೂ ಮೊದಲೇ ಕಿವಿಗೆ ತಲುಪಿಸುವುದು ಈ ಏರಿಳಿತವೇ. ಮೇಜರ್ ಆಗಿದ್ದ ಸಿ ಮೈನರ್ ಆಗುವ ಗಳಿಗೆಯಲ್ಲಿ ಹಾಡಿನ ಬೆಳಕು ಕುಂದುತ್ತದೆ. ಪ್ರತಿ ಸುತ್ತಿನ ಕೊನೆಗೂ ಇದು ತಪ್ಪದೆ ಬರುವುದರಿಂದ ಕೇಳುಗನಿಗೆ ಆ ಕುಗ್ಗುವಿಕೆ ಅನಿವಾರ್ಯವೆಂಬಂತೆ ಅನ್ನಿಸತೊಡಗುತ್ತದೆ.

ಹಾಡಿಗೆ ಪ್ರಸಿದ್ಧಿ ತಂದ ಇನ್ನೊಂದು ಅಂಶ ಪಲ್ಲವಿಗೆ ಮುನ್ನ ಬರುವ ಗಿಟಾರ್‌ನ ಒರಟು ಹೊಡೆತಗಳು. ಎಡ್ ಓಬ್ರಿಯನ್ ಬಿಡಿಬಿಡಿಯಾಗಿ ಮೀಟುವ ಕಾರ್ಡುಗಳ ಮೇಲೆ ಚರಣ ಮೃದುವಾಗಿ ಸಾಗುತ್ತಿರುವಾಗ ಜಾನಿ ಗ್ರೀನ್‌ವುಡ್ ತಂತಿಗಳನ್ನು ಅದುಮಿ ಹಿಡಿದು ಬಲವಾಗಿ ಬಡಿಯುತ್ತಾನೆ. ಹಾಡು ತೀರಾ ಮೆತ್ತಗಿದೆ ಎಂದು ಜಾನಿಗೆ ಅನ್ನಿಸಿತ್ತು, ಅದನ್ನು ಕೆಡಿಸಲೆಂದೇ ಹಾಗೆ ಹೊಡೆದ ಎಂದು ಓಬ್ರಿಯನ್ ಮುಂದೆ ನೆನಪಿಸಿಕೊಂಡಿದ್ದಾನೆ. ಕೆಡಿಸಲು ಹೊರಟ ಆ ಶಬ್ದವೇ ಹಾಡಿನ ಗುರುತಾಯಿತು. ಎಚ್ಚರಿಕೆಯಂತೆ ಬರುವ ಹೊಡೆತಗಳ ಬೆನ್ನಿಗೆ ಗಿಟಾರ್‌ಗಳು ಪೂರ್ಣ ಗದ್ದಲದೊಡನೆ ಪಲ್ಲವಿಯನ್ನು ತೆರೆಯುತ್ತವೆ. ಮಂದ್ರದಲ್ಲಿ ಗೊಣಗುತ್ತಿದ್ದ ಯಾರ್ಕ್‌ನ ಕಂಠ ಮಧ್ಯಭಾಗದಲ್ಲಿ ತಾರಕ್ಕೇರಿ, ನೀಳವಾದ ಒಂದೇ ಉಸಿರಿನ ಕೂಗಾಗಿ, ಕೊನೆಯ ಚರಣದಲ್ಲಿ ಮತ್ತೆ ಪಿಸುದನಿಗೆ ಇಳಿಯುತ್ತದೆ. ಮೆದುವಾದ ಚರಣ, ಅಬ್ಬರದ ಪಲ್ಲವಿ ಎಂಬ ಈ ಕಟ್ಟಡವನ್ನು ಪಿಕ್ಸೀಸ್ ರೂಢಿಗೆ ತಂದಿತ್ತು, ನಿರ್ವಾಣ ಜಗತ್ತಿಗೆಲ್ಲ ಕೇಳಿಸಿತ್ತು. ರೇಡಿಯೊಹೆಡ್ ಅದನ್ನು ಒಂದೇ ಆವರ್ತದೊಳಗೆ ಕಟ್ಟಿಹಾಕಿ ಅದಕ್ಕೆ ಬೇರೆಯೇ ಒತ್ತಡ ಕೊಟ್ಟಿತು.

ಸಾಹಿತ್ಯ

ಜನ ಮುಜುಗರಪಟ್ಟು ದೂರ ಸರಿಯುವಂಥ ವಿಲಕ್ಷಣ ವ್ಯಕ್ತಿಯನ್ನು ಇಂಗ್ಲಿಷಿನಲ್ಲಿ ಕ್ರೀಪ್ ಎನ್ನುತ್ತಾರೆ. ಹಾಡಿನ ನಿರೂಪಕ ತನ್ನನ್ನೇ ಹಾಗೆ ಕರೆದುಕೊಳ್ಳುತ್ತಾನೆ. ಒಬ್ಬ ಹೆಣ್ಣಿನಲ್ಲಿ ಅವನ ಮನಸ್ಸಿದೆ. ಅವಳು ಅವನ ಕಣ್ಣಿಗೆ ಬೇರೆ ಲೋಕದವಳು. ಅವಳಿದ್ದಲ್ಲಿ ತನಗೆ ನಿಲ್ಲುವ ಹಕ್ಕೂ ಇಲ್ಲವೆಂಬ ಭಾವ ಅವನನ್ನು ತಿನ್ನುತ್ತದೆ. ಯಾರ್ಕ್ ವಿದ್ಯಾರ್ಥಿಯಾಗಿದ್ದಾಗ ಮನಸೋತಿದ್ದ ಯುವತಿಯೊಬ್ಬಳು ಹಾಡಿಗೆ ಪ್ರೇರಣೆ ಎಂದು ಹೇಳಲಾಗುತ್ತದೆ. ಆದರೆ ಇದನ್ನು ಬರಿಯ ವಿಫಲ ಪ್ರೇಮದ ಹಾಡಾಗಿ ಓದಿದರೆ ಅದರ ತಿರುಳು ತಪ್ಪಿಹೋಗುತ್ತದೆ. ನಿರೂಪಕನ ಸಿಟ್ಟು ಅವಳ ಮೇಲೆ ಹರಿಯುವುದಿಲ್ಲ, ಪೂರ್ತಿಯಾಗಿ ತನ್ನ ಮೇಲೆಯೇ ತಿರುಗುತ್ತದೆ. ಬೇರೊಂದು ಮೈ, ಬೇರೊಂದು ಚೈತನ್ಯ ತನಗೆ ಸಿಗಬಾರದಿತ್ತೇ ಎಂದು ಅವನು ಹಂಬಲಿಸುತ್ತಾನೆ. ಹರೆಯದಲ್ಲಿ ಒಮ್ಮೆಯಾದರೂ ಗುಂಪಿನಲ್ಲಿ ಹೊರಗಿನವನಾಗಿ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಡು ಯಾವ ದೇಶಕ್ಕೆ ಹೋದರೂ ತನ್ನವರನ್ನು ಹುಡುಕಿಕೊಂಡದ್ದು ಈ ಕಾರಣದಿಂದ.

ಮೊದಲ ಬಿಡುಗಡೆ, 1992

1992ರ ಸೆಪ್ಟೆಂಬರ್ 21ರಂದು ‘ಕ್ರೀಪ್’ ಅಂಗಡಿಗೆ ಬಂತು. ‘ಲರ್ಗೀ’, ‘ಇನ್‌ಸೈಡ್ ಮೈ ಹೆಡ್’, ‘ಮಿಲಿಯನ್ ಡಾಲರ್ ಕ್ವೆಶ್ಚನ್’ ಜೊತೆಹಾಡುಗಳು. ಆ ದಿನಗಳಲ್ಲಿ ಬ್ರಿಟನ್ನಿನ ಹೊಸ ಸಿಂಗಲ್ ಒಂದರ ಹಣೆಬರಹ ಬಹುಮಟ್ಟಿಗೆ ಬಿಬಿಸಿ ರೇಡಿಯೊ 1ರ ಕೈಯಲ್ಲಿತ್ತು. ಆ ಕೇಂದ್ರದ ಪ್ರಸಾರ ಪಟ್ಟಿಯಲ್ಲಿ ಸೇರಿದ ಹಾಡು ದೇಶವಿಡೀ ದಿನಕ್ಕೆ ಹಲವು ಬಾರಿ ಕೇಳಿಸುತ್ತಿತ್ತು, ಸೇರದ ಹಾಡಿಗೆ ಅಷ್ಟು ವಿಶಾಲವಾದ ಬೇರೆ ದಾರಿ ಇರಲಿಲ್ಲ. ‘ಕ್ರೀಪ್’ ತೀರಾ ಖಿನ್ನತೆಯ ಹಾಡೆಂದು ರೇಡಿಯೊ 1 ಅದನ್ನು ಪಟ್ಟಿಗೆ ಸೇರಿಸಲಿಲ್ಲ. ಕೇಳಿಸದ ಹಾಡನ್ನು ಕೊಳ್ಳುವವರೂ ಹೆಚ್ಚಿರಲಿಲ್ಲ. ಪಲ್ಲವಿಯಲ್ಲಿ ಒಂದು ಅಶ್ಲೀಲ ಪದವಿದ್ದುದು ಪ್ರಸಾರಕ್ಕೆ ಇನ್ನೊಂದು ತೊಡಕಾಗಿತ್ತು. ಅದರ ಜಾಗದಲ್ಲಿ ನಿರಪಾಯದ ಪದವನ್ನಿಟ್ಟು ರೇಡಿಯೊಗೆಂದೇ ಬೇರೊಂದು ಆವೃತ್ತಿಯನ್ನು ತಯಾರಿಸಲಾಯಿತು.

ಸಂಸ್ಥೆಯ ಪಾಲಿಗೆ ಈ ಸಿಂಗಲ್ ಅಲ್ಲಿಗೆ ಮುಗಿದ ಅಧ್ಯಾಯ. ಮೂರು ವಾರಗಳಲ್ಲಿ ಮುದ್ರಣಗೊಂಡ ‘ಪ್ಯಾಬ್ಲೊ ಹನಿ’ 1993ರ ಫೆಬ್ರವರಿ 22ರಂದು ಬಂತು. ಅದೇ ತಿಂಗಳ ಸಿಂಗಲ್ ‘ಎನಿಒನ್ ಕ್ಯಾನ್ ಪ್ಲೇ ಗಿಟಾರ್’ 32ನೇ ಸ್ಥಾನವನ್ನೂ, ಮೇ ತಿಂಗಳ ‘ಪಾಪ್ ಈಸ್ ಡೆಡ್’ 42ನೇ ಸ್ಥಾನವನ್ನೂ ಮುಟ್ಟಿದವು. ತಂಡ ಮುಂದೆ ಸಾಗಿದೆ, ‘ಕ್ರೀಪ್’ ಹಿಂದೆ ಬಿದ್ದಿದೆ ಎಂದೇ ಬ್ರಿಟನ್ನಿನಲ್ಲಿ ಕಾಣುತ್ತಿತ್ತು.

ಹೊರದೇಶಗಳಲ್ಲಿ ಯಶಸ್ಸು

ಮೊದಲ ತಿರುವು ಇಸ್ರೇಲ್‌ನಲ್ಲಿ ಕಂಡಿತು. ಅಲ್ಲಿನ ಸೇನಾ ರೇಡಿಯೊ ಗಲೇ ತ್ಸಹಾಲ್ ಆಗ ಯುವಜನರು ಹೆಚ್ಚಾಗಿ ಕೇಳುತ್ತಿದ್ದ ಕೇಂದ್ರ. ಅದರ ಪ್ರಭಾವಿ ನಿರೂಪಕ ಯೋಆವ್ ಕುಟ್ನರ್ ಕೈಗೆ ಇಎಂಐನ ಸ್ಥಳೀಯ ಪ್ರತಿನಿಧಿಯ ಮೂಲಕ ಈ ಸಿಂಗಲ್ ಸಿಕ್ಕಿತು. ಅವನು ಅದನ್ನು ಬಿಡದೆ ಕೇಳಿಸಿದ. ತವರಿನಲ್ಲಿ ಯಾರೂ ಗುರುತಿಸದ ತಂಡ ಅಲ್ಲಿ ಹೆಸರುವಾಸಿಯಾಯಿತು; 1993ರಲ್ಲಿ ಟೆಲ್ ಅವೀವ್‌ಗೆ ಹೋಗಿ ಕಾರ್ಯಕ್ರಮ ಕೊಟ್ಟಿತು. ನ್ಯೂಜಿಲೆಂಡ್, ಸ್ಪೇನ್ ಮತ್ತು ಸ್ಕ್ಯಾಂಡಿನೇವಿಯಾದ ದೇಶಗಳಲ್ಲೂ ಹಾಡು ಹೀಗೆಯೇ ತಾನಾಗಿ ಬೇರೂರಿತು.

ಅಮೆರಿಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕೆಐಟಿಎಸ್ ಎಂಬ ಆಲ್ಟರ್ನೇಟಿವ್ ಕೇಂದ್ರ ‘ಕ್ರೀಪ್’ ಅನ್ನು ತನ್ನ ಪ್ರಸಾರ ಪಟ್ಟಿಗೆ ಸೇರಿಸಿತು. ಅಲ್ಲಿಂದ ಹಾಡು ಪಶ್ಚಿಮ ಕರಾವಳಿಯ ಇತರ ಕೇಂದ್ರಗಳಿಗೆ ಹರಡಿತು. ಈ ಕೇಂದ್ರಗಳಿಗೆ ತಮ್ಮ ಕೇಳುಗರ ಮನಸ್ಸು ಗೊತ್ತಿತ್ತು. ನಿರ್ವಾಣ ಬಂದ ಮೇಲೆ ಕತ್ತಲ ಬಣ್ಣದ ಹಾಡುಗಳಿಗೆ ಅಲ್ಲಿ ಹಸಿವು ಹುಟ್ಟಿತ್ತು. 1993ರ ಬೇಸಿಗೆಯಲ್ಲಿ ತಂಡ ಮೊದಲ ಬಾರಿ ಉತ್ತರ ಅಮೆರಿಕದ ಪ್ರವಾಸಕ್ಕೆ ಹೊರಡುವ ಹೊತ್ತಿಗೆ ಎಂಟಿವಿ ಕೂಡ ಹಾಡಿನ ವಿಡಿಯೊವನ್ನು ಪದೇ ಪದೇ ತೋರಿಸುತ್ತಿತ್ತು. ಆ ವಿಡಿಯೊ ಸರಳವಾದದ್ದು: ಆಕ್ಸ್‌ಫರ್ಡ್‌ನ ‘ದ ವೆನ್ಯೂ’ ಎಂಬ ಕ್ಲಬ್ಬಿನ ವೇದಿಕೆಯಲ್ಲಿ ತಂಡ ನುಡಿಸುವ ದೃಶ್ಯಗಳು, ನಿರ್ದೇಶನ ಬ್ರೆಟ್ ಟರ್ನ್‌ಬುಲ್‌ನದು. ಜುಲೈ 13ರಂದು ಲಾಸ್ ಏಂಜಲೀಸ್‌ನ ಕೆಆರ್‌ಒಕ್ಯೂ ಕೇಂದ್ರದಲ್ಲಿ ವಿದ್ಯುತ್ ವಾದ್ಯಗಳಿಲ್ಲದೆ ಹಾಡಿದ ರೂಪವೂ ಮುಂದೆ ಧ್ವನಿಮುದ್ರಿಕೆಯಾಗಿ ಬಂತು. ‘ಕ್ರೀಪ್’ ಮಾಡರ್ನ್ ರಾಕ್ ಪಟ್ಟಿಯಲ್ಲಿ 2ನೇ ಸ್ಥಾನವನ್ನೂ ಹಾಟ್ 100ರಲ್ಲಿ 34ನೇ ಸ್ಥಾನವನ್ನೂ ಮುಟ್ಟಿತು. ಅದರ ಬಲದಿಂದ ‘ಪ್ಯಾಬ್ಲೊ ಹನಿ’ ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ 32ನೇ ಸ್ಥಾನಕ್ಕೆ ಏರಿತು.

ಈ ಯಶಸ್ಸು ಶುರುವಾದಾಗ ಅದರ ಹಿಂದೆ ಯಾವ ದೊಡ್ಡ ಪ್ರಚಾರ ಯೋಜನೆಯೂ ಇರಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಸಂಸ್ಥೆಯ ಹಣ ಕೈಚೆಲ್ಲಿದ ಜಾಗದಲ್ಲಿ, ತಟ್ಟೆಯನ್ನು ಕೇಳಿ ಮೆಚ್ಚಿದ ಕೆಲವೇ ರೇಡಿಯೊ ಮಂದಿಯ ನಿರ್ಧಾರಗಳು ಒಂದರ ಹಿಂದೊಂದು ಕೂಡಿಕೊಂಡವು. ಆ ಕಾಲದ ಸ್ಥಳೀಯ ಕೇಂದ್ರಗಳಿಗೆ ತಮ್ಮ ಪಟ್ಟಿಯನ್ನು ತಾವೇ ತೀರ್ಮಾನಿಸುವ ಸ್ವಾತಂತ್ರ್ಯ ಇದ್ದುದರಿಂದ ಇದು ಸಾಧ್ಯವಾಯಿತು.

ಮರುಬಿಡುಗಡೆ, 1993

ಹೊರದೇಶಗಳ ಸುದ್ದಿ ತವರಿಗೆ ಮರಳಿದಾಗ ಬ್ರಿಟನ್ನಿನಲ್ಲಿ ಹಾಡನ್ನು ಮತ್ತೆ ತರಬೇಕೆಂಬ ಒತ್ತಡ ಎಲ್ಲೆಡೆಯಿಂದ ಬಂತು. ಹಳೆಯ ಹಾಡನ್ನೇ ಮತ್ತೆ ಮಾರುವುದು ತಂಡಕ್ಕೆ ಇಷ್ಟವಿರಲಿಲ್ಲ. ಕೊನೆಗೆ ಒಪ್ಪಿದರು. 1993ರ ಸೆಪ್ಟೆಂಬರ್‌ನಲ್ಲಿ ಮರಳಿ ಬಂದ ‘ಕ್ರೀಪ್’ 7ನೇ ಸ್ಥಾನಕ್ಕೇರಿತು. ಬಿಬಿಸಿ ಟೆಲಿವಿಷನ್ನಿನ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮದಲ್ಲಿ ತಂಡ ಅದನ್ನು ಹಾಡಿತು. ಒಂದು ವರ್ಷದ ಹಿಂದೆ 78ಕ್ಕೆ ನಿಂತಿದ್ದುದೂ ಈಗ 7ಕ್ಕೆ ಬಂದದ್ದೂ ಒಂದೇ ಮುದ್ರಣ, ಸ್ವರದಲ್ಲಾಗಲಿ ಮಾತಿನಲ್ಲಾಗಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ಅದನ್ನು ಕೇಳುವ ಅವಕಾಶ.

ಕರ್ತೃತ್ವ ಮತ್ತು ಹಕ್ಕು

‘ಕ್ರೀಪ್’ನ ಕರ್ತೃಗಳಾಗಿ ರೇಡಿಯೊಹೆಡ್ ಜೊತೆಗೆ ಆಲ್ಬರ್ಟ್ ಹ್ಯಾಮಂಡ್ ಮತ್ತು ಮೈಕ್ ಹೇಜಲ್‌ವುಡ್ ಹೆಸರುಗಳಿವೆ. ಈ ಇಬ್ಬರು ಬರೆದು, ಹ್ಯಾಮಂಡ್ 1972ರಲ್ಲಿ ಹಾಡಿದ್ದ ‘ದಿ ಏರ್ ದಟ್ ಐ ಬ್ರೀದ್’ ಎಂಬ ಗೀತೆಯನ್ನು 1974ರಲ್ಲಿ ಹಾಲೀಸ್ ತಂಡ ಜನಪ್ರಿಯಗೊಳಿಸಿತ್ತು. ಅದರ ಕಾರ್ಡುಗಳ ಕ್ರಮ ‘ಕ್ರೀಪ್’ನದನ್ನು ಹೋಲುತ್ತದೆ, ಧಾಟಿಯಲ್ಲೂ ಸಾಮ್ಯವಿದೆ. ಹಕ್ಕಿನ ಪ್ರಶ್ನೆ ಎದ್ದಾಗ ತಂಡ ಸಾಮ್ಯವನ್ನು ಒಪ್ಪಿಕೊಂಡಿತು. ಆ ಪ್ರಾಮಾಣಿಕತೆಯಿಂದಾಗಿ ತಾವು ಸಣ್ಣ ಪಾಲಿಗೇ ತೃಪ್ತರಾದೆವೆಂದು ಹ್ಯಾಮಂಡ್ ಮುಂದೆ ಹೇಳಿದ್ದಾನೆ.

ಹಾಡು ಇದೇ ಬಗೆಯ ವಿವಾದದ ಇನ್ನೊಂದು ಪಕ್ಕದಲ್ಲೂ ನಿಂತಿತು. 2018ರ ಜನವರಿಯಲ್ಲಿ ಅಮೆರಿಕದ ಗಾಯಕಿ ಲಾನಾ ಡೆಲ್ ರೇ, ತನ್ನ ‘ಗೆಟ್ ಫ್ರೀ’ ಹಾಡಿನ ಬಗ್ಗೆ ರೇಡಿಯೊಹೆಡ್ ಮೊಕದ್ದಮೆ ಹೂಡಿದೆ ಎಂದಳು. ಮೊಕದ್ದಮೆ ಹೂಡಿಲ್ಲ, ಕರ್ತೃಗಳ ಹೆಸರು ಸೇರಿಸುವ ಬಗ್ಗೆ ಮಾತುಕತೆ ಮಾತ್ರ ನಡೆದಿದೆ ಎಂದು ಪ್ರಕಾಶನ ಸಂಸ್ಥೆ ವಾರ್ನರ್ ಚಾಪೆಲ್ ಸ್ಪಷ್ಟಪಡಿಸಿತು. ಕೆಲವೇ ಕಾರ್ಡುಗಳ ಕ್ರಮ ಯಾರೊಬ್ಬರ ಸ್ವತ್ತಾಗಬಹುದೇ ಎಂಬ ಪ್ರಶ್ನೆಗೆ ಈ ಎರಡು ಪ್ರಸಂಗಗಳನ್ನು ಇಂದಿಗೂ ಉದಾಹರಿಸುತ್ತಾರೆ.

ತಂಡ ಮತ್ತು ಹಾಡು

ಯಶಸ್ಸು ತಂಡಕ್ಕೆ ಭಾರವೂ ಆಯಿತು. 1993ರ ಕೊನೆಯಲ್ಲಿ ಅಮೆರಿಕದಲ್ಲಿ ಬೆಲಿ, ಟಿಯರ್ಸ್ ಫಾರ್ ಫಿಯರ್ಸ್ ತಂಡಗಳ ಜೊತೆ ಸುತ್ತುವಾಗ ಸಭಿಕರಲ್ಲಿ ಅನೇಕರು ಆ ಒಂದು ಹಾಡಿಗಾಗಿ ಮಾತ್ರ ಕಾಯುತ್ತಿದ್ದರು. ಒಂದೇ ಹಾಡಿನ ತಂಡ ಎಂಬ ಹಣೆಪಟ್ಟಿ ಅಂಟುವ ಭಯ ಐವರಲ್ಲೂ ಇತ್ತು. 1994ರ ‘ಮೈ ಐರನ್ ಲಂಗ್’ ಈ ಸ್ಥಿತಿಗೆ ನೇರ ಉತ್ತರ. ಉಸಿರಾಡಲಾಗದವರನ್ನು ಬದುಕಿಸುವ, ಹಾಗೆಯೇ ತನ್ನೊಳಗೆ ಬಂಧಿಸಿಡುವ ಕಬ್ಬಿಣದ ಯಂತ್ರದ ಹೆಸರನ್ನು ತಮ್ಮ ಜನಪ್ರಿಯ ಹಾಡಿಗೆ ಅನ್ವಯಿಸಿ ಅವರು ಅದನ್ನು ಬರೆದರು.

‘ಕ್ರೀಪ್’ ಮಾದರಿಯನ್ನೇ ಮತ್ತೆ ಮತ್ತೆ ತಯಾರಿಸುವ ಸುಲಭದ ದಾರಿ ಎದುರಿಗಿದ್ದರೂ ರೇಡಿಯೊಹೆಡ್ ಅದನ್ನು ಹಿಡಿಯಲಿಲ್ಲ. ‘ದ ಬೆಂಡ್ಸ್’ (1995) ಬ್ರಿಟನ್ನಿನಲ್ಲಿ 4ನೇ ಸ್ಥಾನಕ್ಕೂ, ‘ಓಕೆ ಕಂಪ್ಯೂಟರ್’ (1997) ಮೊದಲ ಸ್ಥಾನಕ್ಕೂ ಬಂದವು. ಗಿಟಾರ್‌ಗಳನ್ನು ಬಹುಪಾಲು ಬದಿಗಿಟ್ಟು ಇಲೆಕ್ಟ್ರಾನಿಕ್ ನಾದಕ್ಕೆ ಹೊರಳಿದ ‘ಕಿಡ್ ಎ’ (2000) ಅಮೆರಿಕದಲ್ಲೂ ಮೊದಲ ಸ್ಥಾನ ಪಡೆಯಿತು. ಆ ಹೊತ್ತಿಗೆ ‘ಕ್ರೀಪ್’ ವೇದಿಕೆಯಿಂದ ಮರೆಯಾಗಿತ್ತು. 2001ರ ಜುಲೈನಲ್ಲಿ ಆಕ್ಸ್‌ಫರ್ಡ್‌ನ ಸೌತ್ ಪಾರ್ಕ್ ಕಛೇರಿಯಲ್ಲಿ ಕೀಬೋರ್ಡ್ ಕೆಟ್ಟು ಬೇರೊಂದು ಹಾಡು ನಿಂತಾಗ ತವರಿನ ಸಭಿಕರಿಗಾಗಿ ಅದನ್ನು ಅನಿರೀಕ್ಷಿತವಾಗಿ ಹಾಡಿದರು. 2009ರ ರೀಡಿಂಗ್ ಉತ್ಸವದ ಕಛೇರಿ ಅದರಿಂದಲೇ ಆರಂಭವಾಯಿತು. 2016ರ ಪ್ರವಾಸದಲ್ಲಿ ಹಾಡು ಮತ್ತೆ ಕೇಳಿಬಂತು. 2021ರಲ್ಲಿ ಯಾರ್ಕ್ ಹಳೆಯ ಹಾಡಿನ ಗತಿಯನ್ನು ಬಹಳ ಇಳಿಸಿ, ದೀರ್ಘವಾಗಿ ಹಿಗ್ಗಿಸಿದ ಹೊಸ ಆವೃತ್ತಿಯೊಂದನ್ನು ಪ್ರಕಟಿಸಿದ.

ತಂಡದ ಬೆಳವಣಿಗೆಯ ಹರಹು ಭಾರತಕ್ಕೂ ಚಾಚಿದೆ. ಅಂದು ತಂತಿಗಳನ್ನು ಬಡಿದ ಜಾನಿ ಗ್ರೀನ್‌ವುಡ್ 2015ರಲ್ಲಿ ಇಸ್ರೇಲ್‌ನ ಶೈ ಬೆನ್ ತ್ಸುರ್ ಹಾಗೂ ‘ರಾಜಸ್ಥಾನ್ ಎಕ್ಸ್‌ಪ್ರೆಸ್’ ಎಂಬ ಕಲಾವಿದರ ಬಳಗದೊಂದಿಗೆ ಜೋಧ್‌ಪುರದ ಮೆಹರಾನ್‌ಗಢ ಕೋಟೆಯಲ್ಲಿ ‘ಜುನೂನ್’ ಆಲ್ಬಮ್ ಮುದ್ರಿಸಿದ.

ಇತರರ ಕಂಠದಲ್ಲಿ

ನಾಲ್ಕು ಕಾರ್ಡುಗಳ ಸರಳ ತಳಹದಿ ಮತ್ತು ವಿಶಾಲವಾದ ಸ್ವರವ್ಯಾಪ್ತಿ ಈ ಹಾಡನ್ನು ಗಾಯಕರ ಪರೀಕ್ಷೆಯ ಕಣವಾಗಿಸಿವೆ. ಪ್ರಿಟೆಂಡರ್ಸ್ ತಂಡ 1995ರಲ್ಲಿ ಇದನ್ನು ಹಾಡಿತು. ಗಾಯಕ ಪ್ರಿನ್ಸ್ 2008ರ ಕೋಚೆಲ್ಲಾ ಉತ್ಸವದಲ್ಲಿ ಹಾಡಿದ ರೂಪ ಬಹಳ ಹೆಸರಾಯಿತು. ಅದರ ವಿಡಿಯೊಗಳನ್ನು ಪ್ರಿನ್ಸ್ ಕಡೆಯವರು ಅಂತರಜಾಲದಿಂದ ತೆಗೆಸಿದಾಗ, ಹಾಡು ತಮ್ಮದು, ಜನ ಕೇಳಲಿ ಎಂದು ಯಾರ್ಕ್ ಆಕ್ಷೇಪಿಸಿದ. ಬೆಲ್ಜಿಯಂನ ಸ್ಕಾಲಾ ಮತ್ತು ಕೊಲಾಕ್ನಿ ಬ್ರದರ್ಸ್ ಎಂಬ ಯುವತಿಯರ ಗಾಯನವೃಂದ ಹಾಡಿದ ರೂಪ 2010ರ ‘ದ ಸೋಶಿಯಲ್ ನೆಟ್‌ವರ್ಕ್’ ಚಿತ್ರದ ಟ್ರೇಲರ್‌ನಲ್ಲಿ ಬಳಕೆಯಾಯಿತು. ಪ್ರಸಿದ್ಧ ಹಾಡನ್ನು ನಿಧಾನಗೊಳಿಸಿ ಟ್ರೇಲರ್‌ಗೆ ಬಳಸುವ ಹಾಲಿವುಡ್ ರೂಢಿಗೆ ಅದು ದೊಡ್ಡ ಪ್ರೇರಣೆ. ಹೇಲಿ ರೈನ್‌ಹಾರ್ಟ್ ಮತ್ತು ಪೋಸ್ಟ್‌ಮಾಡರ್ನ್ ಜೂಕ್‌ಬಾಕ್ಸ್ 2015ರಲ್ಲಿ ಅದಕ್ಕೆ ಹಳೆಯ ಜಾಜ್ ಬಣ್ಣ ಕೊಟ್ಟರು. 2023ರ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ ವಾಲ್ಯೂಮ್ 3’ ಚಿತ್ರ ತಂಡದ್ದೇ ಅಕೂಸ್ಟಿಕ್ ರೂಪದೊಂದಿಗೆ ತೆರೆಯುತ್ತದೆ. ಸ್ಪಾಟಿಫೈ ವೇದಿಕೆಯಲ್ಲಿ ಮೂಲ ಹಾಡಿನ ಆಲಿಸುವಿಕೆ 100 ಕೋಟಿಯನ್ನು ದಾಟಿದೆ.

ಮಹತ್ವ

ರೇಡಿಯೊಹೆಡ್‌ನ ಶ್ರೇಷ್ಠ ಕೃತಿ ಯಾವುದೆಂಬ ಚರ್ಚೆಯಲ್ಲಿ ವಿಮರ್ಶಕರು ‘ಕ್ರೀಪ್’ ಹೆಸರನ್ನು ಮುಂದಿಡುವುದು ಅಪರೂಪ. ‘ಓಕೆ ಕಂಪ್ಯೂಟರ್’ ಮತ್ತು ‘ಕಿಡ್ ಎ’ಗಳ ಸಂಕೀರ್ಣತೆ ಇದರಲ್ಲಿಲ್ಲ. 2019ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ ತಂಡದ ಕೀರ್ತಿ ನಿಂತಿರುವುದೂ ಹೆಚ್ಚಾಗಿ ಆ ಆಲ್ಬಮ್‌ಗಳ ಮೇಲೆ. ಆದರೂ ಆ ಪ್ರಯೋಗಗಳಿಗೆ ಬೇಕಾದ ಹಣ, ಕಾಲ, ಸಂಸ್ಥೆಯ ತಾಳ್ಮೆ ಎಲ್ಲವನ್ನೂ ದುಡಿದುಕೊಟ್ಟದ್ದು ಈ ಸಿಂಗಲ್. ಅದನ್ನು ಮೀರಲೇಬೇಕೆಂಬ ಹಟವೇ ತಂಡವನ್ನು ಹೊಸ ದಾರಿಗಳಿಗೆ ತಳ್ಳಿತು.

ಧ್ವನಿಮುದ್ರಣದ ಇತಿಹಾಸಕ್ಕೆ ಈ ಹಾಡು ಕೊಡುವ ಪಾಠ ಇನ್ನೂ ವಿಸ್ತಾರವಾದದ್ದು. ಯೋಜನೆಯಲ್ಲಿಲ್ಲದ ಹಾಡನ್ನು ನಿರ್ಮಾಪಕ ಗುರುತಿಸಿದ, ತವರಿನ ರೇಡಿಯೊ ಬದಿಗೊತ್ತಿದ್ದನ್ನು ಸಾವಿರಾರು ಮೈಲಿ ದೂರದ ನಿರೂಪಕ ಎತ್ತಿಕೊಂಡ, ಅಮೆರಿಕದ ಒಂದು ಕರಾವಳಿ ಉಳಿದ ದೇಶಕ್ಕೆ ಕೇಳಿಸಿತು. ಪ್ರತಿ ಹಂತದಲ್ಲೂ ಒಬ್ಬ ವ್ಯಕ್ತಿ ತನ್ನ ಕಿವಿಯನ್ನು ನಂಬಿದ್ದಾನೆ. ಒಂದು ವಾರದ ಮಾರಾಟ ನೋಡಿ ಹಾಡೊಂದರ ಬೆಲೆ ಕಟ್ಟುವವರಿಗೆ 78 ಎಂಬ ಅಂಕಿ ಕೊನೆಯ ಮಾತಾಗಿತ್ತು. ಹಾಡಿಗೆ ಕಾಲ ಕೊಟ್ಟವರು ಅದು ತಪ್ಪೆಂದು ಒಂದೇ ವರ್ಷದಲ್ಲಿ ತೋರಿಸಿಕೊಟ್ಟರು. ಹೊಸ ತಂಡಗಳ ಮೊದಲ ಸೋಲನ್ನು ಅಳೆಯುವಾಗ ‘ಕ್ರೀಪ್’ ಅನ್ನು ನೆನೆಯುವುದು ಸಂಗೀತೋದ್ಯಮದಲ್ಲಿ ಇಂದಿಗೂ ಯೋಗ್ಯವಾದ ಎಚ್ಚರ.